ಒಂದೇ ದಿಕ್ಕಿಗೆ ಹರಿಯುವ ರಂಜಕ

ಡಿಎಪಿ ಗೊಬ್ಬರದ ಚೀಲದ ಮೇಲೆ 18-46-0 ಅಂತ ದಪ್ಪಗೆ ಅಚ್ಚಾಗಿರುತ್ತದೆ. ಮೊದಲನೆಯದು ಸಾರಜನಕ, ಎರಡನೆಯದು ರಂಜಕ (ಫಾಸ್ಫರಸ್), ಕೊನೆಯದು ಪೊಟ್ಯಾಷ್. ಇದು ರೈತರಿಗೆಲ್ಲ ಗೊತ್ತಿರುವ ಸಂಗತಿ. ಆದರೆ ಆ ಚೀಲದಲ್ಲಿ ನೂರಕ್ಕೆ 46 ಪಾಲು ರಂಜಕ ಇರುವುದಿಲ್ಲ. 46 ಎನ್ನುವುದು ರಂಜಕದ ಪೆಂಟಾಕ್ಸೈಡಿನ ಲೆಕ್ಕ. ಅದರಲ್ಲಿ ಆಮ್ಲಜನಕದ ತೂಕವೂ ಸೇರಿದೆ. ಅದನ್ನು ಕಳೆದರೆ ಉಳಿಯುವುದು ಸುಮಾರು 20. ಅಂದರೆ 50 ಕೆಜಿ ಚೀಲದಲ್ಲಿ 9 ಕೆಜಿ ಸಾರಜನಕ, 10 ಕೆಜಿ ರಂಜಕ.

ಒಂದೇ ಚೀಲದಲ್ಲಿದ್ದರೂ ಇವೆರಡರ ಹುಟ್ಟೂರು ಬೇರೆ. ಸಾರಜನಕ ಬರುವುದು ಗಾಳಿಯಿಂದ. ಗಾಳಿಯ ನೂರಕ್ಕೆ 78 ಪಾಲು ಅದೇ. ಕಾರ್ಖಾನೆಯವರು ಅದನ್ನು ಹಿಡಿದು ಅಮೋನಿಯಾ ಮಾಡುತ್ತಾರೆ. ಹೆಸರುಕಾಳು, ಅಲಸಂದೆ ಗಿಡಗಳ ಬೇರಿನ ಗಂಟುಗಳೂ ಹಿಡಿಯುತ್ತವೆ. ಗದ್ದೆಯಿಂದ ತಪ್ಪಿಸಿಕೊಂಡ ಸಾರಜನಕ ಮತ್ತೆ ಗಾಳಿಗೇ ಸೇರುತ್ತದೆ. ರಂಜಕಕ್ಕೆ ಈ ಅನುಕೂಲ ಇಲ್ಲ. ಗಾಳಿಯಲ್ಲಿ ಅದು ಇಲ್ಲವೇ ಇಲ್ಲ ಅನ್ನಬಹುದು. ಅದು ಇರುವುದು ಬಂಡೆಯಲ್ಲಿ. ಬಂಡೆಯಿಂದ ಮಣ್ಣಿಗೆ, ಮಣ್ಣಿಂದ ಪೈರಿಗೆ, ಪೈರಿನಿಂದ ನಮ್ಮ ತಟ್ಟೆಗೆ, ಅಲ್ಲಿಂದ ಚರಂಡಿಗೆ, ಕೆರೆಗೆ, ಹೊಳೆಗೆ, ಕೊನೆಗೆ ಕಡಲಿನ ತಳಕ್ಕೆ. ಕಡಲ ತಳದ ಕೆಸರು ಬಂಡೆಯಾಗಿ ಮೇಲೆ ಬರಲು ಕೋಟ್ಯಂತರ ವರ್ಷ ಬೇಕು. ಅಷ್ಟು ಕಾಯಲು ನಮ್ಮಿಂದಾಗದು.

ಈ ಬಂಡೆಗಳೂ ಎಲ್ಲ ಕಡೆ ಸಿಗುವುದಿಲ್ಲ. ರಂಜಕ ಆಮ್ಲಜನಕದ ಜೊತೆ ಸೇರಿದ ರೂಪವೇ ಫಾಸ್ಫೇಟ್. ಜಗತ್ತಿನ ಫಾಸ್ಫೇಟ್ ಶಿಲೆಯ ಮೀಸಲಿನಲ್ಲಿ ನೂರಕ್ಕೆ ಸುಮಾರು 70 ಪಾಲು ಮೊರಾಕ್ಕೊ ಮತ್ತು ಅದರ ಹಿಡಿತದಲ್ಲಿರುವ ಪಶ್ಚಿಮ ಸಹಾರಾದಲ್ಲೇ ಇದೆ. ನಮ್ಮಲ್ಲಿ ರಾಜಸ್ಥಾನದ ಉದಯಪುರದ ಹತ್ತಿರ ಝಾಮರ್‌ಕೋಟ್ರಾ ಗಣಿ ಇದೆ, ಮಧ್ಯಪ್ರದೇಶದಲ್ಲೂ ಸ್ವಲ್ಪ ಸಿಗುತ್ತದೆ. ದೇಶದ ಹಸಿವಿಗೆ ಅದು ಸಾಲದು. ಶಿಲೆಯೋ, ಫಾಸ್ಫಾರಿಕ್ ಆಮ್ಲವೋ, ಸಿದ್ಧ ಡಿಎಪಿಯೋ, ಯಾವುದಾದರೊಂದು ರೂಪದಲ್ಲಿ ಹಡಗಿನಲ್ಲೇ ತರಿಸಬೇಕು. ಪೆಸಿಫಿಕ್ ಸಾಗರದ ನೌರು ದ್ವೀಪದ ಕಥೆ ಕೇಳಿದರೆ ಸಂಕಟವಾಗುತ್ತದೆ. ಬರೀ 21 ಚದರ ಕಿಲೋಮೀಟರಿನ ನಾಡು ಅದು. ಇಪ್ಪತ್ತನೇ ಶತಮಾನದ ಉದ್ದಕ್ಕೂ ಅಲ್ಲಿನ ಫಾಸ್ಫೇಟನ್ನು ಬಗೆದು ಆಸ್ಟ್ರೇಲಿಯಾ, ನ್ಯೂಜಿಲೆಂಡಿನ ಹೊಲಗಳಿಗೆ ಹಾಕಿದರು. ಈಗ ದ್ವೀಪದ ಬಹುಪಾಲು ನೆಲ ಚೂಪು ಸುಣ್ಣಕಲ್ಲಿನ ಬೋಳು ಕಂಬಗಳು. ಅಲ್ಲಿ ಏನೂ ಬೆಳೆಯಲಾಗದು.

ರಂಜಕ ಇಲ್ಲದೆ ಬೆಳೆ ಯಾಕೆ ಆಗದು? ರಂಜಕ ಇಲ್ಲದೆ ಯಾವ ಜೀವವೂ ಇಲ್ಲ, ಅದಕ್ಕೆ. ದೊಡ್ಡವರೊಬ್ಬರ ಮೈಯಲ್ಲಿ ಸುಮಾರು 700 ಗ್ರಾಂ ರಂಜಕ ಇರುತ್ತದೆ. ಅದರಲ್ಲಿ ನೂರಕ್ಕೆ 85 ಪಾಲು ಮೂಳೆ, ಹಲ್ಲುಗಳಲ್ಲಿ ಸುಣ್ಣದ ಜೊತೆ ಗಟ್ಟಿಯಾಗಿ ಕೂತಿದೆ. ಉಳಿದದ್ದು ಸ್ವಲ್ಪವೇ ಆದರೂ ಕೆಲಸವೆಲ್ಲ ಅದರದ್ದೇ. ಡಿಎನ್ಎಯ ಉದ್ದದ ಎಳೆಯನ್ನು ಹಿಡಿದಿಟ್ಟಿರುವುದು ಫಾಸ್ಫೇಟು. ಜೀವಕೋಶದ ಸುತ್ತಲಿನ ಪೊರೆಯಲ್ಲೂ ಫಾಸ್ಫೇಟು. ಕೈ ಎತ್ತಲಿ, ಕಣ್ಣು ಮಿಟುಕಿಸಲಿ, ಸುಮ್ನೆ ಯೋಚನೆ ಮಾಡುತ್ತ ಕೂರಲಿ, ಅದಕ್ಕೆ ಬೇಕಾದ ಶಕ್ತಿ ಕೊಡುವುದು ಎಟಿಪಿ ಎಂಬ ಅಣು. ಅದರ ಬಾಲದಲ್ಲಿ ಮೂರು ಫಾಸ್ಫೇಟುಗಳು ಸಾಲಾಗಿವೆ. ತುದಿಯದ್ದು ಕಳಚಿದಾಗ ಶಕ್ತಿ ಸಿಗುತ್ತದೆ, ಆಮೇಲೆ ಊಟದಿಂದ ಬಂದ ಶಕ್ತಿಯಲ್ಲಿ ಅದು ಮತ್ತೆ ಅಂಟಿಕೊಳ್ಳುತ್ತದೆ. ಹೀಗೆ ಕಳಚಿ ಅಂಟುವ ಎಟಿಪಿಯನ್ನೆಲ್ಲ ಕೂಡಿಸಿದರೆ ದಿನಕ್ಕೆ ಹೆಚ್ಚುಕಡಿಮೆ ನಮ್ಮ ತೂಕದಷ್ಟಾಗುತ್ತದೆ!

ಈ ಎಟಿಪಿಯನ್ನು ಕಂಡುಹಿಡಿದವರಲ್ಲಿ ಒಬ್ಬರು ಆಂಧ್ರದ ಭೀಮವರಂನ ಯಲ್ಲಾಪ್ರಗಡ ಸುಬ್ಬರಾವ್. ಅವರ ಹೆಸರು ಶಾಲೆಯ ಪುಸ್ತಕಗಳಲ್ಲಿ ಇನ್ನೂ ದೊಡ್ಡದಾಗಿ ಬರಬೇಕಿತ್ತು. 1920ರ ದಶಕದ ಮೊದಲಲ್ಲಿ ಅಮೆರಿಕಕ್ಕೆ ಹೋಗಿ ಹಾರ್ವರ್ಡಿನಲ್ಲಿ ಸೈರಸ್ ಫಿಸ್ಕ್ ಜೊತೆ ಸೇರಿದರು. 1925ರಲ್ಲಿ ಇಬ್ಬರೂ ಸೇರಿ ರಕ್ತ, ಮೂತ್ರಗಳಲ್ಲಿ ರಂಜಕ ಎಷ್ಟಿದೆ ಎಂದು ಅಳೆಯುವ ವಿಧಾನ ಪ್ರಕಟಿಸಿದರು. ಮಾಲಿಬ್ಡಿನಮ್ ಲವಣ ಹಾಕಿದರೆ ದ್ರಾವಣ ನೀಲಿಯಾಗುತ್ತದೆ. ನೀಲಿ ಗಾಢವಾದಷ್ಟೂ ರಂಜಕ ಜಾಸ್ತಿ. ಹೀಗೆ ಅಳೆಯಲು ಬಂದದ್ದರಿಂದಲೇ ಸ್ನಾಯುಗಳಲ್ಲಿ ರಂಜಕ ಎಲ್ಲೆಲ್ಲಿ ಅಡಗಿದೆ ಎಂದು ಹುಡುಕುವುದು ಸಾಧ್ಯವಾಯಿತು. 1929ರಲ್ಲಿ ಎಟಿಪಿ ಸಿಕ್ಕಿತು. ಅದೇ ವರ್ಷ ಜರ್ಮನಿಯಲ್ಲಿ ಕಾರ್ಲ್ ಲೋಮನ್ ಕೂಡ ಬೇರೆಯಾಗಿ ಕಂಡುಹಿಡಿದಿದ್ದರು. ಇವತ್ತಿಗೂ ಮಣ್ಣು ಪರೀಕ್ಷೆಯ ಲ್ಯಾಬುಗಳಲ್ಲಿ ರಂಜಕ ಅಳೆಯುವುದು ಈ ನೀಲಿ ಬಣ್ಣ ನೋಡಿಯೇ.

ಇಷ್ಟೆಲ್ಲ ಮಾಡುವ ರಂಜಕವನ್ನು ಬಿಡಿಯಾಗಿ ನೋಡಿದರೆ ಅದರ ಗುಣವೇ ಬೇರೆ. 1669ರಲ್ಲಿ ಹ್ಯಾಂಬರ್ಗಿನ ಹೆನಿಗ್ ಬ್ರಾಂಡ್ ಎಂಬಾತ ಚಿನ್ನ ಮಾಡುವ ಆಸೆಯಿಂದ ರಾಶಿ ಮೂತ್ರವನ್ನು ಕುದಿಸಿ, ಬತ್ತಿಸಿ, ಉಳಿದ ಗಷ್ಟನ್ನು ಕೆಂಪಗೆ ಕಾಯಿಸಿದ. ಮೇಣದಂಥ ವಸ್ತುವೊಂದು ಇಳಿದು ಬಂತು, ಕತ್ತಲಲ್ಲಿ ತಣ್ಣಗೆ ಹೊಳೆಯಿತು. ಅದು ಬಿಳಿ ರಂಜಕ. ನಾಲ್ಕು ಪರಮಾಣುಗಳು ಒಂದನ್ನೊಂದು ಹಿಡಿದು ಮುಮ್ಮೂಲೆಯ ಗೋಪುರದ ಆಕಾರದಲ್ಲಿ ಕೂತಿರುತ್ತವೆ. ಕೋನ ಬರೀ 60 ಡಿಗ್ರಿ. ಎಳೆದು ಕಟ್ಟಿದ ಬಿಲ್ಲಿನ ಹಾಗೆ ಅಣುವೆಲ್ಲ ಬಿಗಿದುಕೊಂಡಿರುತ್ತದೆ, ಬಿಚ್ಚಿಕೊಳ್ಳಲು ಒಂದು ನೆಪ ಸಾಕು. ಗಾಳಿ ತಾಗಿದರೆ ಹೊಗೆಯಾಡುತ್ತದೆ. ನಮ್ಮ ಬೇಸಿಗೆಯ ಶಾಖಕ್ಕೆ ತಾನಾಗಿ ಹೊತ್ತಿಕೊಳ್ಳುತ್ತದೆ. ಅದಕ್ಕೇ ನೀರಿನೊಳಗೆ ಮುಳುಗಿಸಿ ಇಡುತ್ತಾರೆ.

ಇದೇ ಬಿಳಿ ರಂಜಕವನ್ನು ಗಾಳಿ ತಾಗದಂತೆ 250 ಡಿಗ್ರಿಯ ಸುಮಾರಿಗೆ ಕಾಯಿಸುತ್ತ ಇಟ್ಟರೆ ಆ ಗೋಪುರಗಳು ಒಡೆದು ಸರಪಳಿಯಾಗುತ್ತವೆ. ಅದು ಕೆಂಪು ರಂಜಕ. ವಿಷವಿಲ್ಲ, ತಾನಾಗಿ ಉರಿಯುವುದೂ ಇಲ್ಲ. ಇನ್ನೂ ಭಾರಿ ಒತ್ತಡ ಹಾಕಿದರೆ ಕಪ್ಪು ರಂಜಕ. ನೋಡಲು ಪೆನ್ಸಿಲ್ ಸೀಸದ ಥರ, ಪದರ ಪದರ. ಕರೆಂಟನ್ನೂ ಹರಿಯಬಿಡುತ್ತದೆ. ಮೂರರಲ್ಲೂ ಇರುವುದು 15ನೇ ನಂಬರಿನ ಅದೇ ಪರಮಾಣು.

ಬಿಳಿ ಮತ್ತು ಕೆಂಪಿನ ವ್ಯತ್ಯಾಸ ಎಷ್ಟು ದೊಡ್ಡದು ಎಂದು ತಿಳಿಯಬೇಕಾದರೆ ಬೆಂಕಿಕಡ್ಡಿಯ ಚರಿತ್ರೆ ನೋಡಬೇಕು. 1830ರ ನಂತರ ಬಂದ ಕಡ್ಡಿಗಳ ತಲೆಯಲ್ಲಿ ಬಿಳಿ ರಂಜಕ ಇರುತ್ತಿತ್ತು. ಎಲ್ಲಿ ಗೀರಿದರೂ ಹತ್ತುತ್ತಿತ್ತು. ಆದರೆ ಕಾರ್ಖಾನೆಯಲ್ಲಿ ಅದರ ಆವಿ ಕುಡಿದವರಿಗೆ ದವಡೆ ಕೊಳೆಯುತ್ತಿತ್ತು. ಹಲ್ಲುನೋವಿನಿಂದ ಶುರುವಾಗಿ ಮೂಳೆಯೇ ಸತ್ತು ಕೀವು ಸುರಿಯುತ್ತಿತ್ತು. ಕೆಲವರ ದವಡೆಯನ್ನೇ ತೆಗೆಯಬೇಕಾಗುತ್ತಿತ್ತು. 1888ರಲ್ಲಿ ಲಂಡನ್ನಿನ ಬ್ರಯಂಟ್ ಆ್ಯಂಡ್ ಮೇ ಕಾರ್ಖಾನೆಯ ಸುಮಾರು 1,400 ಹೆಣ್ಣುಮಕ್ಕಳು ಕೆಲಸ ನಿಲ್ಲಿಸಿ ಬೀದಿಗೆ ಬಂದರು. ದಂಡ, ಕಡಿಮೆ ಕೂಲಿಯ ಜೊತೆಗೆ, ರಂಜಕದ ಆವಿ ತುಂಬಿದ ಕೋಣೆಯಲ್ಲೇ ಕೂತು ಊಟ ಮಾಡಬೇಕಾದ ಕಷ್ಟವನ್ನೂ ಹೇಳಿಕೊಂಡರು. ಊಟಕ್ಕೆ ಬೇರೆ ಕೋಣೆ ಬೇಕು ಅಂದರು, ಗೆದ್ದರು. ಆದರೆ ಬಿಳಿ ರಂಜಕ ಹೋಗಲು ಇನ್ನೂ ಇಪ್ಪತ್ತು ವರ್ಷ ಹಿಡಿಯಿತು. 1906ರ ಬರ್ನ್ ಒಪ್ಪಂದದಲ್ಲಿ ಹಲವು ದೇಶಗಳು ಅದನ್ನು ಬಿಡಲು ಒಪ್ಪಿದವು. ಭಾರತದಲ್ಲಿ ನಿಷೇಧದ ಕಾಯ್ದೆ ಬಂದದ್ದು 1913ರಲ್ಲಿ. ಸುರಕ್ಷಿತ ಕಡ್ಡಿಯ ಉಪಾಯ ಸ್ವೀಡನ್ನಿನ ಗುಸ್ತಾಫ್ ಎರಿಕ್ ಪಾಶ್‌ಗೆ 1844ರಲ್ಲೇ ಹೊಳೆದಿತ್ತು, ನೆನಪಿರಲಿ.

ಈಗಿನ ಬೆಂಕಿಪೊಟ್ಟಣ ಕೈಯಲ್ಲಿದ್ದರೆ ನೋಡಿ. ಕಡ್ಡಿಯ ತಲೆಯಲ್ಲಿ ಬಿಡಿ ರಂಜಕ ಇಲ್ಲ, ಇರುವುದು ಮುಖ್ಯವಾಗಿ ಪೊಟ್ಯಾಸಿಯಂ ಕ್ಲೋರೇಟ್. ಕೆಂಪು ರಂಜಕ ಇರುವುದು ಪೊಟ್ಟಣದ ಪಕ್ಕದ ಕಂದು ಪಟ್ಟಿಯಲ್ಲಿ, ಗಾಜಿನ ಪುಡಿ ಮತ್ತು ಅಂಟಿನ ಜೊತೆ. ಗೀರಿದಾಗ ಹುಟ್ಟುವ ಬಿಸಿಗೆ ಕೆಂಪು ರಂಜಕದ ಒಂದು ಕಣ ಬಿಳಿಯಾಗಿ ಆ ಕ್ಷಣವೇ ಉರಿಯುತ್ತದೆ. ಆ ಕಿಡಿಯಿಂದ ತಲೆ ಹೊತ್ತುತ್ತದೆ.

ಬಿಳಿ ರಂಜಕ ನಮ್ಮ ಮನೆಗಳಿಂದ ಪೂರ್ತಿ ಹೋಗಿಲ್ಲ ಎಂಬುದನ್ನೂ ಹೇಳಬೇಕು. ಇಲಿ ಪಾಷಾಣದ ಕೆಲವು ಪೇಸ್ಟುಗಳಲ್ಲಿ ಹಳದಿ ರಂಜಕ ಅಂತ ಇರುವುದು ಅದೇ. ಮಗುವಿನ ಬಾಯಿಗೆ ಸ್ವಲ್ಪ ಹೋದರೂ ಅಪಾಯ. ಮೊದಲ ಒಂದೆರಡು ದಿನ ಏನೂ ಆಗಿಲ್ಲ ಅನ್ನಿಸಬಹುದು, ಆಮೇಲೆ ಲಿವರ್ ಕೆಡುತ್ತದೆ. ಇದಕ್ಕೆ ಪ್ರತಿವಿಷ ಇಲ್ಲ. ಹುಷಾರಾಗಿದ್ದಾನೆ ಅಂತ ಕಾಯದೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಬೇಕು.

ಇನ್ನು ಹೊಲಕ್ಕೆ ಬರೋಣ. ಮೆಕ್ಕೆಜೋಳ ಮೊಣಕಾಲುದ್ದ ಬೆಳೆದಿರುವಾಗ ಕೆಲವು ಗಿಡಗಳ ಕೆಳಗಿನ ಎಲೆ ತುದಿಯಿಂದ, ಅಂಚಿನಿಂದ ನೇರಳೆ ಬಣ್ಣಕ್ಕೆ ತಿರುಗುತ್ತದೆ. ರಂಜಕ ಸಾಲದೆ ಗಿಡ ಕುಗ್ಗಿದಾಗ ಎಲೆಯಲ್ಲಿ ಸಕ್ಕರೆ ಉಳಿದು ಈ ಬಣ್ಣ ಕಟ್ಟುತ್ತದೆ. ಥಂಡಿಯಲ್ಲೂ ಹೀಗಾಗುವುದುಂಟು. ಸೋಜಿಗ ಏನೆಂದರೆ, ಇಂಥ ಹೊಲದ ಮಣ್ಣಲ್ಲಿ ರಂಜಕ ಸಾಕಷ್ಟು ಇದ್ದಿರಬಹುದು. ಇದ್ದರೂ ಬೇರಿಗೆ ಸಿಗುವುದಿಲ್ಲ. ಕೆಂಪು ಮಣ್ಣಿನಲ್ಲಿ ಕಬ್ಬಿಣ, ಅಲ್ಯೂಮಿನಿಯಂ ಅದನ್ನು ಹಿಡಿದುಕೊಳ್ಳುತ್ತವೆ. ಮಲೆನಾಡು, ಕರಾವಳಿಯ ಜಂಬಿಟ್ಟಿಗೆ ಮಣ್ಣಲ್ಲಿ ಈ ಹಿಡಿತ ಬಹಳ ಗಟ್ಟಿ. ಉತ್ತರ ಕರ್ನಾಟಕದ ಎರೆ ಮಣ್ಣಿನಲ್ಲಿ ಹಿಡಿಯುವುದು ಸುಣ್ಣ. ಹಾಕಿದ ಗೊಬ್ಬರದ ರಂಜಕದಲ್ಲಿ ಮೊದಲ ಬೆಳೆಗೆ ದಕ್ಕುವುದು ಸಾಮಾನ್ಯವಾಗಿ ಕಾಲು ಭಾಗಕ್ಕಿಂತ ಕಡಿಮೆ. ಮಣ್ಣಿನೊಳಗೆ ಅದು ಚಲಿಸುವುದೂ ಕೆಲವೇ ಮಿಲಿಮೀಟರು. ಹಾಗಾಗಿ ಡಿಎಪಿಯನ್ನು ಮೇಲೆ ಎರಚಿದರೆ ಹೆಚ್ಚು ಪ್ರಯೋಜನ ಇಲ್ಲ. ಬಿತ್ತುವಾಗಲೇ ಕೂರಿಗೆಯಲ್ಲಿ, ಬೀಜದ ಪಕ್ಕಕ್ಕೆ ಸ್ವಲ್ಪ ಆಳದಲ್ಲಿ ಬೀಳಿಸಬೇಕು.

ಹಿಡಿದದ್ದನ್ನು ಬಿಡಿಸಿಕೊಳ್ಳುವ ಉಪಾಯ ಕೆಲವು ಗಿಡಗಳಿಗೆ ಗೊತ್ತು. ಹೈದರಾಬಾದಿನ ಹತ್ತಿರದ ಇಕ್ರಿಸ್ಯಾಟ್ ಎಂಬ ಅಂತರರಾಷ್ಟ್ರೀಯ ಬೆಳೆ ಸಂಶೋಧನಾ ಸಂಸ್ಥೆಯಲ್ಲಿ ಜಪಾನಿನ ವಿಜ್ಞಾನಿಗಳು ಸೇರಿ ನಡೆಸಿದ ಕೆಲಸ 1990ರಲ್ಲಿ ಪ್ರಕಟವಾಯಿತು. ಕಬ್ಬಿಣಕ್ಕೆ ಅಂಟಿದ ರಂಜಕ ಬಿಟ್ಟು ಬೇರೆ ರಂಜಕ ಇಲ್ಲದ ಕಡೆ ಬೇರೆ ಬೆಳೆಗಳು ಸೊರಗಿದರೆ ತೊಗರಿ ಬೆಳೆಯಿತು. ತೊಗರಿಯ ಬೇರು ಪಿಸಿಡಿಕ್ ಆಮ್ಲ ಎಂಬುದನ್ನು ಸುರಿಸುತ್ತದೆ. ಅದು ಕಬ್ಬಿಣವನ್ನು ತಾನು ಹಿಡಿದುಕೊಂಡು ರಂಜಕವನ್ನು ಬಿಡಿಸುತ್ತದೆ. ತೊಗರಿ ಗಿಡ ಹೀರಿದ ರಂಜಕದಲ್ಲಿ ಒಂದು ಪಾಲು ಉದುರಿದ ಎಲೆ, ಬೇರುಗಳ ಮೂಲಕ ಮುಂದಿನ ಬೆಳೆಗೂ ಸಿಗುತ್ತದೆ. ಇದನ್ನು ಓದಿದಾಗ ನನಗೆ ನಮ್ಮ ಕೆಂಪು ಮಣ್ಣಿನ ರಾಗಿ ಹೊಲಗಳ ಅಕ್ಕಡಿ ಸಾಲು ನೆನಪಾಯಿತು. ರಾಗಿ ಸಾಲುಗಳ ನಡುವೆ ತೊಗರಿ, ಅವರೆ ಹಾಕುವುದನ್ನು ನಮ್ಮ ಹಿರಿಯರು ಆಮ್ಲದ ಹೆಸರು ತಿಳಿದು ಮಾಡಿದ್ದಲ್ಲ. ಬೆಳೆ ನೋಡಿ ಮಾಡಿದ್ದು. ಆ ಸಾಲನ್ನು ಬಿಟ್ಟು ಬರೀ ಒಂದೇ ಬೆಳೆಗೆ ಹೋದದ್ದು ನಷ್ಟದ ವ್ಯವಹಾರ ಅಂತಲೇ ನನ್ನ ಅನಿಸಿಕೆ.

ಹೊಲದಲ್ಲಿ ಅಷ್ಟು ಅಪರೂಪವಾದದ್ದು ಕೆರೆಯಲ್ಲಿ ಜಾಸ್ತಿಯಾದಾಗ ಏನಾಗುತ್ತದೆ? ಕೆನಡಾದ ಒಂಟಾರಿಯೊದಲ್ಲಿ ಡೇವಿಡ್ ಶಿಂಡ್ಲರ್ ಮತ್ತು ಸಂಗಡಿಗರು 1973ರಲ್ಲಿ 226ನೇ ನಂಬರಿನ ಸರೋವರದ ನಡುವೆ ಪರದೆ ಕಟ್ಟಿ ಎರಡು ಭಾಗ ಮಾಡಿದರು. ಎರಡಕ್ಕೂ ಇಂಗಾಲ, ಸಾರಜನಕ ಹಾಕಿದರು. ಒಂದಕ್ಕೆ ಮಾತ್ರ ರಂಜಕವನ್ನೂ ಸೇರಿಸಿದರು. ರಂಜಕ ಬಿದ್ದ ಕಡೆ ನೀರು ಪಾಚಿಯಿಂದ ಹಸಿರಾಯಿತು, ಇನ್ನೊಂದು ಕಡೆ ಮೊದಲಿನ ಹಾಗೇ ಉಳಿಯಿತು. ಮೇಲಿಂದ ತೆಗೆದ ಒಂದು ಫೋಟೊ ನೋಡಿದರೆ ಸಾಕಿತ್ತು, ವಾದ ಬೇಕಿರಲಿಲ್ಲ. ಬಟ್ಟೆ ಸೋಪಿನ ಪುಡಿಯಲ್ಲಿ ಫಾಸ್ಫೇಟು ಕಡಿಮೆ ಮಾಡಬೇಕೆಂಬ ಕಾನೂನುಗಳಿಗೆ ಇದರಿಂದ ಬಲ ಬಂತು.

ಬೆಳ್ಳಂದೂರು ಕೆರೆಯನ್ನು ಬೆಂಗಳೂರಿನವರಿಗೆ ಹೊಸದಾಗಿ ಹೇಳಬೇಕಿಲ್ಲ. 2015ರಲ್ಲಿ ಅದರ ನೊರೆ ರಸ್ತೆಗೆ ಹಾರಿ ಬಂತು, ಬೆಂಕಿಯೂ ಹತ್ತಿತು. ನೊರೆಗೆ ಮುಖ್ಯ ಕಾರಣ ಸೋಪಿನ ಅಂಶ. ಆದರೆ ನೀರು ಕಾಣದಷ್ಟು ಕಳೆ ಬೆಳೆಯುವುದು ಚರಂಡಿಯ ಸಾರಜನಕ, ರಂಜಕ ತಿಂದು. ಕಳೆ ಸತ್ತು ಕೊಳೆಯುವಾಗ ನೀರಿನ ಆಮ್ಲಜನಕ ಮುಗಿದು ಮೀನು ಸಾಯುತ್ತವೆ.

ಒಂದು ಸಣ್ಣ ಲೆಕ್ಕ. ಒಬ್ಬರ ಮೈಯಿಂದ ದಿನಕ್ಕೆ ಸುಮಾರು ಒಂದು ಗ್ರಾಂ ರಂಜಕ ಹೊರಗೆ ಹೋಗುತ್ತದೆ, ಅದರಲ್ಲಿ ಹೆಚ್ಚಿನದು ಮೂತ್ರದಲ್ಲಿ. ಒಂದು ಕೋಟಿ ಜನರ ಊರಾದರೆ ದಿನಕ್ಕೆ 10 ಟನ್. ಅಂದರೆ ಪ್ರತಿದಿನ ಒಂದು ಸಾವಿರ ಚೀಲ ಡಿಎಪಿಯಲ್ಲಿರುವಷ್ಟು ರಂಜಕ! ಹಡಗಿನಲ್ಲಿ ತಂದದ್ದನ್ನು ಹೀಗೆ ಬಿಡುವುದು ಸರಿಯಲ್ಲ ಅಲ್ವಾ?

ವಾಪಸು ಪಡೆಯುವ ದಾರಿ ಇದೆ. ಕೊಳಚೆ ಶುದ್ಧ ಮಾಡುವ ಘಟಕಗಳ ಪೈಪಿನೊಳಗೆ ಸ್ಟ್ರುವೈಟ್ ಎಂಬ ಬಿಳಿ ಹರಳು ಕಟ್ಟಿಕೊಂಡು ಪೈಪು ಮುಚ್ಚಿಹೋಗುತ್ತಿತ್ತು. ಮೆಗ್ನೀಸಿಯಂ, ಅಮೋನಿಯಂ, ಫಾಸ್ಫೇಟು ಸೇರಿ ಆಗುವ ಹರಳು ಅದು. ಈಗ ಹಲವು ದೇಶಗಳಲ್ಲಿ ಬೇಕಂತಲೇ ಒಂದು ಟ್ಯಾಂಕಿನಲ್ಲಿ ಮೆಗ್ನೀಸಿಯಂ ಲವಣ ಹಾಕಿ ಈ ಹರಳು ಕಟ್ಟಿಸುತ್ತಾರೆ. ಒಣಗಿಸಿದರೆ ನಿಧಾನವಾಗಿ ಕರಗುವ ಒಳ್ಳೆಯ ಗೊಬ್ಬರ. ಜರ್ಮನಿ 2017ರಲ್ಲಿ, ದೊಡ್ಡ ಘಟಕಗಳು 2029ರಿಂದ ರಂಜಕವನ್ನು ವಾಪಸು ತೆಗೆಯಲೇಬೇಕೆಂದು ನಿಯಮ ಮಾಡಿತು. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲೂ ಮನುಷ್ಯರ ಮೂತ್ರವನ್ನು ಮೆಕ್ಕೆಜೋಳ, ಬಾಳೆಗೆ ಗೊಬ್ಬರವಾಗಿ ಹಾಕಿ ನೋಡಿದ್ದಾರೆ.

2018ರಿಂದ ಬೆಂಗಳೂರಿನ ಕೊಳಚೆ ನೀರು ಎರಡು ಹಂತದಲ್ಲಿ ಶುದ್ಧವಾಗಿ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಕೋಲಾರದ ಕೆರೆಗಳಿಗೆ ಹೋಗುತ್ತಿದೆ. ಎರಡು ಹಂತದ ಶುದ್ಧೀಕರಣದಲ್ಲಿ ರಂಜಕ ಪೂರ್ತಿ ಹೋಗುವುದಿಲ್ಲ. ಮೂರನೇ ಹಂತ ಬೇಕೆಂದು ಕೋಲಾರದವರು ಕೇಳುತ್ತಲೇ ಇದ್ದಾರೆ. ಕೇಳುವುದು ನ್ಯಾಯವಾಗಿದೆ. ಆ ಹಂತವನ್ನು ಕಟ್ಟುವಾಗಲೇ ರಂಜಕವನ್ನು ಹರಳಾಗಿ ತೆಗೆಯುವ ಟ್ಯಾಂಕನ್ನೂ ಸೇರಿಸಬೇಕು. ಆಗ ಕೆರೆಗೆ ಹೋಗುವ ನೀರು ಇನ್ನಷ್ಟು ತಿಳಿಯಾಗುತ್ತದೆ. ಅದೇ ಕೆರೆಯ ಕೆಳಗಿನ ರಾಗಿ, ಟೊಮೆಟೊ ಹೊಲಗಳಿಗೆ ಹರಳಿನ ಗೊಬ್ಬರವೂ ಸಿಗುತ್ತದೆ.