‘7 ಕಾರಣಗಳು’ ಎಂದರೆ ಬೆರಳು ಯಾಕೆ ಅತ್ತಲೇ ಹೋಗುತ್ತದೆ?

‘ನಿದ್ದೆ ಕೆಡಿಸುವ ಅಭ್ಯಾಸಗಳು’ ಎಂಬುದು ಒಂದು ಶೀರ್ಷಿಕೆ. ‘ನಿದ್ದೆ ಕೆಡಿಸುವ 7 ಅಭ್ಯಾಸಗಳು’ ಎಂಬುದು ಇನ್ನೊಂದು. ಎರಡರ ಕೆಳಗೂ ಒಂದೇ ಬರಹ ಇದೆ ಎಂದುಕೊಳ್ಳಿ. ಆದರೂ ಎರಡನೆಯದು ಹೆಚ್ಚು ಸೆಳೆಯುತ್ತದೆ. ಇದನ್ನು ಓದುಗರ ಸೋಮಾರಿತನ ಎಂದು ಬೈದು ಸುಮ್ಮನಾಗುವವರಿದ್ದಾರೆ. ಆ ಬೈಗುಳ ಅನ್ಯಾಯದ್ದು ಎಂದೇ ನನ್ನ ಅನಿಸಿಕೆ. ಆ ಪುಟ್ಟ ‘7’ ನಮ್ಮ ಕಣ್ಣು, ಕುತೂಹಲ, ನೆನಪು ಮೂರನ್ನೂ ಒಟ್ಟಿಗೇ ಮುಟ್ಟುತ್ತದೆ.

ಮೊದಲು ಕಣ್ಣಿನ ವಿಷಯ. ಪರದೆಯ ಮೇಲೆ ನಾವು ಓದುವುದಕ್ಕಿಂತ ಕಣ್ಣಾಡಿಸುವುದೇ ಹೆಚ್ಚು. 1997ರಲ್ಲಿ ಜಾಲತಾಣಗಳ ಬಳಕೆಯನ್ನು ಅಧ್ಯಯನ ಮಾಡುವ ಜೇಕಬ್ ನೀಲ್ಸನ್ ಮತ್ತು ಜಾನ್ ಮೋರ್ಕ್ಸ್ ಪರೀಕ್ಷಿಸಿ ನೋಡಿದಾಗ, ಹೊಸ ಜಾಲಪುಟ ತೆರೆದವರಲ್ಲಿ ಶೇಕಡಾ 79ರಷ್ಟು ಮಂದಿ ಬರೀ ಕಣ್ಣಾಡಿಸಿದ್ದರು. ಪದಪದವಾಗಿ ಓದಿದವರು ಶೇಕಡಾ 16 ಮಾತ್ರ. 2006ರಲ್ಲಿ ನೀಲ್ಸನ್ ಕಣ್ಣಿನ ಚಲನೆಯನ್ನೇ ದಾಖಲಿಸಿದರು. ನೋಟ ಮೇಲಿನ ಸಾಲುಗಳಲ್ಲಿ ಎಡದಿಂದ ಬಲಕ್ಕೆ ಓಡುತ್ತದೆ, ಸ್ವಲ್ಪ ಕೆಳಗೆ ಬಂದು ಇನ್ನೊಮ್ಮೆ ಅರ್ಧದವರೆಗೆ ಹೋಗುತ್ತದೆ, ಆಮೇಲೆ ಎಡಗಡೆಯ ಅಂಚು ಹಿಡಿದು ಕೆಳಕ್ಕೆ ಇಳಿದುಬಿಡುತ್ತದೆ. ಪಟ್ಟಿಯ 1, 2, 3 ಕೂತಿರುವುದು ಆ ಎಡ ಅಂಚಿನಲ್ಲೇ. ಜಾರಿಹೋಗುವ ಕಣ್ಣಿಗೆ ನಿಲ್ಲಲು ಅಲ್ಲಲ್ಲಿ ಜಾಗ ಸಿಗುತ್ತದೆ.

ಕುತೂಹಲದ ಕಥೆ ಇನ್ನೂ ಸ್ವಾರಸ್ಯದ್ದು. ನಮಗೆ ಏನೂ ಗೊತ್ತಿಲ್ಲದ ವಿಷಯದಲ್ಲಿ ಕುತೂಹಲ ಅಷ್ಟಾಗಿ ಹುಟ್ಟುವುದಿಲ್ಲ. ಸ್ವಲ್ಪ ಗೊತ್ತಿದ್ದು, ಇನ್ನಷ್ಟು ಗೊತ್ತಿಲ್ಲವೆಂಬ ಅರಿವು ಆದಾಗಲೇ ಅದು ಕೆರಳುತ್ತದೆ ಎಂದು ಅರ್ಥಶಾಸ್ತ್ರಜ್ಞ ಜಾರ್ಜ್ ಲೊವೆನ್‌ಸ್ಟೈನ್ 1994ರಲ್ಲಿ ವಾದಿಸಿದರು. ಗೊತ್ತಿರುವುದಕ್ಕೂ ಗೊತ್ತಾಗಬೇಕಿರುವುದಕ್ಕೂ ನಡುವಿನ ಅಂತರವೇ ಕುತೂಹಲದ ಮೂಲ. ನಿದ್ದೆಯ ಶೀರ್ಷಿಕೆಗೆ ಮರಳೋಣ. ಮೊಬೈಲ್, ಕಾಫಿ, ತಡರಾತ್ರಿಯ ಕೆಲಸ: ಮೂರು ಉತ್ತರ ತಟ್ಟನೆ ಹೊಳೆಯುತ್ತವೆ. ಹಾಗಾದರೆ ಉಳಿದ ನಾಲ್ಕು ಯಾವುವು? ಸಂಖ್ಯೆ ಇಲ್ಲದಿದ್ದರೆ ‘ಇದೆಲ್ಲ ಗೊತ್ತಿದ್ದದ್ದೇ’ ಎಂದು ಮುಂದೆ ಹೋಗುತ್ತಿದ್ದೆವು. ‘7’ ಎಂಬ ಅಂಕಿ ನಮ್ಮ ಅಜ್ಞಾನವನ್ನು ಅಳೆದು ಕೈಗೆ ಕೊಡುತ್ತದೆ. ಅದೂ ತುಂಬಿಸಬಹುದಾದಷ್ಟು ಸಣ್ಣ ಅಳತೆಯಲ್ಲಿ.

ಒಳಗೆ ಹೋದಮೇಲೆ ಕೊನೆಯವರೆಗೂ ಎಳೆದೊಯ್ಯುವ ಶಕ್ತಿ ಬೇರೆಯದು. ಆಹಾರದ ಕಡೆ ಓಡುವ ಇಲಿಗಳು ಗುರಿ ಹತ್ತಿರವಾದಂತೆ ವೇಗ ಹೆಚ್ಚಿಸುತ್ತವೆ ಎಂದು ಮನೋವಿಜ್ಞಾನಿ ಕ್ಲಾರ್ಕ್ ಹಲ್ 1930ರ ದಶಕದಲ್ಲೇ ತೋರಿಸಿದ್ದರು. ಮನುಷ್ಯರ ಮೇಲೆ ಇದರ ಸೊಗಸಾದ ಪರೀಕ್ಷೆ 2006ರಲ್ಲಿ ಪ್ರಕಟವಾಯಿತು. ಕಾಫಿಗೊಂದು ಮುದ್ರೆ ಒತ್ತಿಸಿಕೊಂಡು, ಕಾರ್ಡು ತುಂಬಿದಾಗ ಒಂದು ಕಾಫಿ ಉಚಿತವಾಗಿ ಪಡೆಯುವ ಯೋಜನೆ ಅದು. ಕೆಲವರಿಗೆ ಹತ್ತು ಮನೆಗಳ ಖಾಲಿ ಕಾರ್ಡು, ಇನ್ನು ಕೆಲವರಿಗೆ ಹನ್ನೆರಡು ಮನೆಗಳಿದ್ದು ಎರಡರಲ್ಲಿ ಮೊದಲೇ ಮುದ್ರೆ ಬಿದ್ದ ಕಾರ್ಡು. ಇಬ್ಬರೂ ಕೊಳ್ಳಬೇಕಾದದ್ದು ಹತ್ತೇ. ಆದರೂ ಎರಡನೆಯ ಗುಂಪಿನವರು ಬೇಗ ಮುಗಿಸಿದರು. ದಾರಿ ಆಗಲೇ ಸ್ವಲ್ಪ ಸವೆದಿದೆ ಎಂಬ ಭಾವನೆಯೇ ಅವರನ್ನು ಓಡಿಸಿತು. ಏಳರಲ್ಲಿ ಐದನೆಯ ಅಂಶ ಓದುತ್ತಿರುವವರನ್ನು ಹಿಡಿದಿಡುವುದೂ ಇಂಥದ್ದೇ ಭಾವನೆ ಎಂದು ಊಹಿಸಬಹುದು. ಸಾಮಾನ್ಯ ಲೇಖನದಲ್ಲಿ ಇಂಥ ಮೈಲಿಗಲ್ಲುಗಳಿಲ್ಲ. ಇನ್ನೆಷ್ಟು ದೂರ ಎಂದು ಓದುಗರಿಗೆ ತಿಳಿಯುವುದೇ ಇಲ್ಲ.

ನೆನಪಿನ ಬಗ್ಗೆ ಮಾತು ಬಂದಾಗಲೆಲ್ಲ ಮನೋವಿಜ್ಞಾನಿ ಜಾರ್ಜ್ ಮಿಲ್ಲರ್ ಅವರ 1956ರ ಪ್ರಬಂಧವನ್ನು ಎಳೆದು ತರುತ್ತಾರೆ: ಮನಸ್ಸು ಒಮ್ಮೆಗೆ ಸುಮಾರು ಏಳು ಸಂಗತಿಗಳನ್ನು ಹಿಡಿದಿಡಬಲ್ಲದು, ಆದ್ದರಿಂದ ಪಟ್ಟಿಯಲ್ಲೂ ಏಳೇ ಇರಬೇಕು ಎಂದು. ಇದು ತಪ್ಪು ಓದು. ಕಣ್ಣೆದುರೇ ಇರುವ ಪಟ್ಟಿಯನ್ನು ಯಾರೂ ತಲೆಯಲ್ಲಿ ಹೊತ್ತುಕೊಂಡಿರಬೇಕಿಲ್ಲ. ಮೇಲಾಗಿ ಆ ಮಿತಿ ಸುಮಾರು ನಾಲ್ಕೇ ಎಂದು ಇನ್ನೊಬ್ಬ ಮನೋವಿಜ್ಞಾನಿ ನೆಲ್ಸನ್ ಕೋವನ್ 2001ರಲ್ಲಿ ವಾದಿಸಿದ್ದಾರೆ. ಮಿಲ್ಲರ್ ಹೇಳಿದ್ದರಲ್ಲಿ ನಿಜಕ್ಕೂ ಮುಖ್ಯವಾದದ್ದು ಗೊಂಚಲು ಕಟ್ಟುವ ವಿಚಾರ. 1 9 6 9 2 0 0 0 1 9 4 5 ಎಂಬ ಹನ್ನೆರಡು ಅಂಕಿಗಳನ್ನು ಒಂದೊಂದಾಗಿ ಕೇಳಿದರೆ ಅರ್ಧದಲ್ಲೇ ಕೈತಪ್ಪುತ್ತವೆ. 1969, 2000, 1945 ಎಂದರೆ ಮೂರೇ ಗೊಂಚಲು. ಒಳ್ಳೆಯ ಪಟ್ಟಿಯ ಬರಹಗಾರರು ಆ ಗೊಂಚಲು ಕಟ್ಟುವ ಕೆಲಸವನ್ನು ಓದುಗರ ಪರವಾಗಿ ತಾವೇ ಮಾಡಿಕೊಡುತ್ತಾರೆ.

ಇಷ್ಟೆಲ್ಲ ಅನುಕೂಲ ಪುಕ್ಕಟೆ ಬರುವುದಿಲ್ಲ. ಹತ್ತು, ಇಪ್ಪತ್ತರಂಥ ದುಂಡು ಸಂಖ್ಯೆಗಳು, ನಿಜದಲ್ಲಿ ಇಲ್ಲದ ಗೋಡೆಯೊಂದನ್ನು ಎಬ್ಬಿಸುತ್ತವೆ. ಮಾರುಕಟ್ಟೆ ಸಂಶೋಧಕರಾದ ಮ್ಯಾಥ್ಯೂ ಐಸಾಕ್ ಮತ್ತು ರಾಬರ್ಟ್ ಶಿಂಡ್ಲರ್ 2014ರಲ್ಲಿ ತೋರಿಸಿದಂತೆ, ಶ್ರೇಯಾಂಕದ ಪಟ್ಟಿಯಲ್ಲಿ ಹತ್ತನೇ ಮತ್ತು ಹನ್ನೊಂದನೇ ಸ್ಥಾನಗಳ ನಡುವೆ ಇರುವುದಕ್ಕಿಂತ ದೊಡ್ಡ ಅಂತರವನ್ನು ನಮ್ಮ ಮನಸ್ಸು ಕಾಣುತ್ತದೆ. ಹತ್ತರೊಳಗೆ ಬಂದದ್ದು ಒಂದು ವರ್ಗ, ಬಾರದ್ದು ಇನ್ನೊಂದು.

ಅದಕ್ಕಿಂತ ದೊಡ್ಡ ನಷ್ಟ ‘ಆದ್ದರಿಂದ’, ‘ಯಾಕೆಂದರೆ’, ‘ಆದರೆ’ ಎಂಬ ಕೊಂಡಿಗಳದ್ದು. ತಡರಾತ್ರಿಯ ಕೆಲಸ ಚಿಂತೆ ಹೆಚ್ಚಿಸುತ್ತದೆ, ಚಿಂತೆ ಮೊಬೈಲ್ ಹಿಡಿಸುತ್ತದೆ, ಕೆಟ್ಟ ನಿದ್ದೆ ಮರುದಿನ ಕಾಫಿ ಕುಡಿಸುತ್ತದೆ, ಆ ಕಾಫಿ ಮತ್ತೆ ರಾತ್ರಿಯ ನಿದ್ದೆಗೆ ಅಡ್ಡ ಬರುತ್ತದೆ. ಇದು ಒಂದು ಚಕ್ರ. ಪಟ್ಟಿಯಲ್ಲಿ ಇವು ನಾಲ್ಕು ಬಿಡಿ ಅಂಶಗಳಾಗಿ, ಒಂದರ ಪರಿಚಯ ಇನ್ನೊಂದಕ್ಕೆ ಇಲ್ಲದಂತೆ ನಿಲ್ಲುತ್ತವೆ. ಓದುಗರು ಏಳನ್ನೂ ತಿಳಿದುಕೊಂಡರೂ ಎಲ್ಲಿ ಕೈ ಹಾಕಿದರೆ ಚಕ್ರ ನಿಲ್ಲುತ್ತದೆ ಎಂಬುದು ಮಾತ್ರ ತಿಳಿಯುವುದಿಲ್ಲ. ನನ್ನನ್ನು ಕಾಡುವುದು ಇದೇ.

ಸಂಗತಿಗಳು ನಿಜಕ್ಕೂ ಬಿಡಿಬಿಡಿಯಾಗಿದ್ದಾಗ ಪಟ್ಟಿಗೆ ಸಾಟಿಯಿಲ್ಲ. ಅಮೆರಿಕದ ಮಿಷಿಗನ್ ರಾಜ್ಯದ ತೀವ್ರ ನಿಗಾ ಘಟಕಗಳಲ್ಲಿ, ರಕ್ತನಾಳದೊಳಗೆ ಕೊಳವೆ ಹಾಕುವಾಗ ತಗಲುವ ಸೋಂಕು ತಡೆಯಲು ವೈದ್ಯ ಪೀಟರ್ ಪ್ರೊನೊವೊಸ್ಟ್ ತಂಡ ಐದು ಕ್ರಮಗಳನ್ನು ಜಾರಿಗೆ ತಂದಿತು. ಕೈ ತೊಳೆಯುವುದು, ಚರ್ಮವನ್ನು ಕ್ಲೋರ್‌ಹೆಕ್ಸಿಡೀನ್‌ನಿಂದ ಶುಚಿ ಮಾಡುವುದು, ಬೇಡದ ಕೊಳವೆಯನ್ನು ತೆಗೆದುಬಿಡುವುದು, ಇಂಥವು. 2006ರಲ್ಲಿ ಪ್ರಕಟವಾದ ವರದಿಯ ಪ್ರಕಾರ ಹದಿನೆಂಟು ತಿಂಗಳಲ್ಲಿ ಸೋಂಕಿನ ಪ್ರಮಾಣದಲ್ಲಿ ಶೇಕಡಾ 66ರವರೆಗೆ ಇಳಿಕೆಯಾಯಿತು. ಕೆಲಸ ಮಾಡಿದ್ದು ಪಟ್ಟಿಯೊಂದೇ ಅಲ್ಲ. ಕ್ರಮ ತಪ್ಪಿದರೆ ವೈದ್ಯರನ್ನೂ ತಡೆಯುವ ಅಧಿಕಾರವನ್ನು ದಾದಿಯರಿಗೆ ಕೊಟ್ಟಿದ್ದರು.

ಸಂಖ್ಯೆಯನ್ನೂ ಕೊಂಡಿಯನ್ನೂ ಒಟ್ಟಿಗೆ ಉಳಿಸಿಕೊಂಡವರೂ ಇದ್ದಾರೆ. ಗಣಿತಜ್ಞ ಡೇವಿಡ್ ಹಿಲ್ಬರ್ಟ್ 1900ರಲ್ಲಿ ಪ್ಯಾರಿಸ್‌ನಲ್ಲಿ ಮಾತಾಡುತ್ತ ಬಗೆಹರಿಯದ ಹತ್ತು ಸಮಸ್ಯೆಗಳನ್ನು ಮುಂದಿಟ್ಟರು. ಅಚ್ಚಿನಲ್ಲಿ ಅವು 23 ಆದವು. ಪಟ್ಟಿಗೆ ಮೊದಲು, ಗಣಿತಕ್ಕೆ ಸಮಸ್ಯೆಗಳು ಯಾಕೆ ಬೇಕು ಎಂದು ದೀರ್ಘವಾಗಿ ವಿವರಿಸಿದರು. ಒಂದೊಂದು ಸಮಸ್ಯೆಯೂ ಎಲ್ಲಿಂದ ಹುಟ್ಟಿತು, ಯಾವುದರ ಜೊತೆ ಬೆಸೆದುಕೊಂಡಿದೆ ಎಂದು ಬರೆದರು. ಅಂಕಿ ಅವುಗಳಿಗೆ ವಿಳಾಸವಾಯಿತು: ‘ಹತ್ತನೆಯದು’ 1970ರಲ್ಲಿ ಇತ್ಯರ್ಥವಾಯಿತು ಎಂದರೆ ಗಣಿತಜ್ಞರಿಗೆ ಬೇರೆ ವಿವರಣೆ ಬೇಡ.