ಕಾನೂನು ಕೇಳದಿದ್ದರೂ ಫ್ಯಾಕ್ಟರಿಗಳು ಐಎಸ್‌ಒ 14001 ಯಾಕೆ ಮಾಡಿಸುತ್ತವೆ?

ಓದುಗರ ಪ್ರಶ್ನೆ: ಶಿವಮೊಗ್ಗದಿಂದ ಭದ್ರಾವತಿಗೆ ಹೋಗುವ ದಾರಿಯಲ್ಲಿ ಕೆಲವು ಫ್ಯಾಕ್ಟರಿ ಗೇಟುಗಳ ಮೇಲೆ 'ಐಎಸ್‌ಒ 14001' ಅಂತ ಬೋರ್ಡ್ ಕಾಣುತ್ತದೆ. ಇದು ಕಡ್ಡಾಯ ಅಲ್ಲವಂತೆ. ಹಾಗಿದ್ದರೆ ಕೈಯಿಂದ ದುಡ್ಡು ಹಾಕಿ ಯಾಕೆ ಮಾಡಿಸುತ್ತಾರೆ? ಪರಿಸರದ ಮೇಲಿನ ಕಾಳಜಿಯಾ, ಸುಮ್ನೆ ತೋರಿಕೆಯಾ?

ಉತ್ತರ: ಎರಡೂ ಸ್ವಲ್ಪ ಸ್ವಲ್ಪ ಇರುತ್ತದೆ. ಆದರೆ ದೊಡ್ಡ ಕಾರಣ ಬೇರೆ. ಮಾಲು ಕೊಳ್ಳುವವರು ಕೇಳುತ್ತಾರೆ, ಅದಕ್ಕೆ. ಐಎಸ್‌ಒ 14001 ಅಂದರೆ ಒಂದು ಸಂಸ್ಥೆ ಪರಿಸರದ ಮೇಲಿನ ತನ್ನ ಪರಿಣಾಮವನ್ನು ಹೇಗೆ ನಿರ್ವಹಿಸಬೇಕು ಅಂತ ಹೇಳುವ ಅಂತರರಾಷ್ಟ್ರೀಯ ಮಾನದಂಡ. ಅದರಂತೆ ನಡೆಯುತ್ತಿದೆ ಅಂತ ಆಡಿಟ್ ಮಾಡಿ ಸರ್ಟಿಫಿಕೇಟ್ ಕೊಡುತ್ತಾರೆ.

ಶಿವಮೊಗ್ಗದ ಫೌಂಡ್ರಿಗಳನ್ನೇ ನೋಡಿ. ಇಲ್ಲಿ ಎರಕ ಹೊಯ್ದ ಬಿಡಿಭಾಗಗಳು ಲಾರಿ, ಟ್ರ್ಯಾಕ್ಟರ್, ಕಾರು ಮಾಡುವ ಕಂಪನಿಗಳಿಗೆ ಹೋಗುತ್ತವೆ. ಕೆಲವು ಸಮುದ್ರವನ್ನೂ ದಾಟುತ್ತವೆ. ಕೊಳ್ಳುವ ಕಂಪನಿ ಇರುವುದು ಪುಣೆಯಲ್ಲೋ ಚೆನ್ನೈಯಲ್ಲೋ ಜರ್ಮನಿಯಲ್ಲೋ. ಕಾಸ್ಟಿಂಗ್ (ಎರಕದ ಭಾಗ) ಗಟ್ಟಿ ಇದೆಯಾ, ಅಳತೆ ಸರಿ ಇದೆಯಾ ಅನ್ನುವುದನ್ನು ಅವರು ಅಲ್ಲೇ ಕೂತು ಪರೀಕ್ಷೆ ಮಾಡಬಹುದು. ಅಚ್ಚಿಗೆ ಬಳಸಿ ಸುಟ್ಟ ಮರಳನ್ನು ಇಲ್ಲಿ ಯಾವ ಹಳ್ಳಕ್ಕೆ ಸುರಿದರು ಅನ್ನುವುದು ಕಾಸ್ಟಿಂಗ್ ನೋಡಿದರೆ ತಿಳಿಯುತ್ತದಾ? ನಾಳೆ ಮಾಲಿನ್ಯ ನಿಯಂತ್ರಣ ಮಂಡಳಿಯವರು ಬಂದು ಫ್ಯಾಕ್ಟರಿಗೆ ಬೀಗ ಹಾಕಿದರೆ ಅಲ್ಲಿ ಅವರ ಅಸೆಂಬ್ಲಿ ಲೈನ್ ನಿಲ್ಲುತ್ತದೆ. ದೂರದ ಊರಿನ ಸಂಬಂಧ ಬಂದಾಗ ನಾವು ಗುರುತಿನವರ ಹತ್ತಿರ ವಿಚಾರಿಸುತ್ತೇವಲ್ಲ, ಈ ಸರ್ಟಿಫಿಕೇಟ್ ಮಾಡುವುದೂ ಹೆಚ್ಚುಕಮ್ಮಿ ಅದೇ ಕೆಲಸ.

ಇದು ನನ್ನ ಊಹೆಯಲ್ಲ. ಐಎಸ್‌ಒ 14001 ಮೊದಲು ಬಂದದ್ದು 1996ರಲ್ಲಿ. 1999ರಲ್ಲಿ ಫೋರ್ಡ್ ಮತ್ತು ಜನರಲ್ ಮೋಟಾರ್ಸ್ ಎರಡೂ ತಮ್ಮ ಸಪ್ಲೈಯರ್‌ಗಳು ಇದನ್ನು ಮಾಡಿಸಲೇಬೇಕು ಅಂತ ಗಡುವು ಕೊಟ್ಟವು. ಅಲ್ಲಿಗೆ ವಾಹನದ ಬಿಡಿಭಾಗ ಮಾಡುವವರ ಮಟ್ಟಿಗೆ 'ಸ್ವಯಂಪ್ರೇರಿತ' ಅನ್ನುವುದು ಹೆಸರಿಗಷ್ಟೇ ಉಳಿಯಿತು. ಸರ್ಕಾರ ಕಡ್ಡಾಯ ಮಾಡಿಲ್ಲ, ಗಿರಾಕಿ ಮಾಡಿದ್ದಾನೆ. ಚೀನಾದ ಕಂಪನಿಗಳ ಮೇಲೆ 2001ರಲ್ಲಿ ಪ್ರಕಟವಾದ ಒಂದು ಅಧ್ಯಯನವೂ ಇದನ್ನೇ ಹೇಳಿತು. ಮುಂದುವರಿದ ದೇಶಗಳಿಗೆ ರಫ್ತು ಮಾಡುವವರು, ಬಹುರಾಷ್ಟ್ರೀಯ ಕಂಪನಿಗಳಿಗೆ ಮಾಲು ಕೊಡುವವರು ಇದನ್ನು ಜಾಸ್ತಿ ಅಳವಡಿಸಿಕೊಂಡಿದ್ದರು.

ನಮ್ಮಲ್ಲಿ ಈಗ ಇನ್ನೊಂದು ಒತ್ತಡವೂ ಸೇರಿದೆ. ಷೇರುಪೇಟೆಯಲ್ಲಿ ಮಾರುಕಟ್ಟೆ ಮೌಲ್ಯದ ಪ್ರಕಾರ ಮೊದಲ 1000 ಕಂಪನಿಗಳು ಪರಿಸರ ಮತ್ತು ಸಾಮಾಜಿಕ ಹೊಣೆಯ ವರದಿ ಕೊಡಬೇಕೆಂದು ಷೇರುಪೇಟೆ ನಿಯಂತ್ರಕ ಸೆಬಿ 2022-23ರಿಂದ ಕಡ್ಡಾಯ ಮಾಡಿದೆ. ದೊಡ್ಡ ಕಂಪನಿ ವರದಿ ಬರೆಯಲು ಕೂತಾಗ ಕೆಳಗಿನ ಸಪ್ಲೈಯರ್‌ಗೂ ಒಂದು ಫಾರ್ಮ್ ಕಳಿಸುತ್ತದೆ. 'ನಿಮ್ಮಲ್ಲಿ ಪರಿಸರ ನಿರ್ವಹಣಾ ವ್ಯವಸ್ಥೆ ಇದೆಯೇ?' ಎಂಬಂಥ ಕಾಲಂ ಅದರಲ್ಲಿ ಸಾಮಾನ್ಯವಾಗಿ ಇರುತ್ತದೆ. ಅಲ್ಲಿ 'ಇಲ್ಲ' ಅಂತ ಬರೆಯಲು ಯಾರಿಗೆ ಇಷ್ಟ? ಚಿಕ್ಕಮಗಳೂರಿನ ಕಾಫಿ ತೋಟಗಳು ಪರಿಸರಕ್ಕೆ ಹೊಂದುವ ಕೃಷಿಗೆ ಕೊಡುವ ರೇನ್‌ಫಾರೆಸ್ಟ್ ಅಲೈಯನ್ಸ್ ಮುದ್ರೆ ತಗೊಳ್ಳುವುದರ ಹಿಂದೆಯೂ ಹೊರದೇಶದ ಕೊಳ್ಳುವವರ ಇದೇ ಒತ್ತಾಯ ಇದೆ.

ಹಾಗಂತ ಬರೀ ಗಿರಾಕಿಯ ಭಯ ಅಂದರೆ ಅನ್ಯಾಯವಾದೀತು. ಫೌಂಡ್ರಿಯ ಒಳಗೆ ಲಾಭದ ಲೆಕ್ಕವೂ ಇದೆ. ಇಂಡಕ್ಷನ್ ಫರ್ನೇಸ್‌ನಲ್ಲಿ ಒಂದು ಟನ್ ಕಬ್ಬಿಣ ಕರಗಿಸಲು ಸಾಮಾನ್ಯವಾಗಿ 550ರಿಂದ 700 ಯೂನಿಟ್ ಕರೆಂಟ್ ಬೇಕು. ಈ ಅಂತರ ಯಾಕೆ? ಫರ್ನೇಸ್ ಮುಚ್ಚಳ ತೆರೆದೇ ಬಿಡುವುದು, ತುಕ್ಕು ಮತ್ತು ಮಣ್ಣು ಹತ್ತಿದ ಗುಜರಿ ಹಾಕುವುದು, ಅಚ್ಚು ತಯಾರಾಗುವವರೆಗೆ ಕರಗಿದ ಲೋಹವನ್ನು ಸುಮ್ಮನೆ ಕಾಯಿಸುತ್ತಾ ಇಡುವುದು. ತಿಂಗಳಿಗೆ ನೂರಾರು ಟನ್ ಹೊಯ್ಯುವವನಿಗೆ ಟನ್ನಿಗೆ 50 ಯೂನಿಟ್ ಉಳಿದರೂ ಬಿಲ್ಲಿನಲ್ಲಿ ಗೊತ್ತಾಗುತ್ತದೆ. ಮರಳಿನ ಕಥೆಯೂ ಹಾಗೇ. ಬೆಂಟೊನೈಟ್ ಎಂಬ ಜೇಡಿಮಣ್ಣು ಮತ್ತು ಕಲ್ಲಿದ್ದಲ ಪುಡಿ ಬೆರೆಸಿದ ಅಚ್ಚಿನ ಮರಳನ್ನು ಹಸನು ಮಾಡಿ ಮತ್ತೆ ಮತ್ತೆ ಬಳಸಬಹುದು. ಮಾಡದಿದ್ದರೆ ಹೊಸ ಮರಳಿಗೂ ದುಡ್ಡು, ಹಳೆಯದನ್ನು ಸಾಗಿಸುವುದಕ್ಕೂ ದುಡ್ಡು. ಐಎಸ್‌ಒ 14001 ಇದನ್ನೆಲ್ಲ ಅಳೆದು ಬರೆದಿಡು, ಗುರಿ ಹಾಕಿಕೋ, ನಿಗದಿತ ಅವಧಿಗೊಮ್ಮೆ ತಿರುಗಿ ನೋಡು ಅನ್ನುತ್ತದೆ. ಅಳೆಯಲು ಶುರು ಮಾಡಿದ ಮೇಲೇ ಎಷ್ಟೋ ಮಾಲೀಕರಿಗೆ ತಮ್ಮ ಫ್ಯಾಕ್ಟರಿಯಲ್ಲಿ ಏನು ಸೋರಿ ಹೋಗುತ್ತಿದೆ ಅಂತ ಕಾಣುವುದು.

ಕಾನೂನಿನ ಕಾಟ ಕಡಿಮೆ ಆಗಲಿ ಎಂಬ ಆಸೆಯೂ ಒಂದು ಕಾರಣ. ನೀರಿನ ಕಾಯ್ದೆ 1974ರದ್ದು, ಗಾಳಿಯದು 1981, ಪರಿಸರ ಸಂರಕ್ಷಣಾ ಕಾಯ್ದೆ 1986. ಇವೆಲ್ಲದರ ಅಡಿಯಲ್ಲಿ ಯಾವ ಪರವಾನಗಿ ಯಾವಾಗ ಮುಗಿಯುತ್ತದೆ, ಅಪಾಯಕಾರಿ ತ್ಯಾಜ್ಯವನ್ನು ಯಾರಿಗೆ ಕೊಡಬೇಕು ಅಂತ ಸಣ್ಣ ಫ್ಯಾಕ್ಟರಿಗಳಿಗೆ ನೆನಪಿಟ್ಟುಕೊಳ್ಳುವುದೇ ಕಷ್ಟ. ಐಎಸ್‌ಒ 14001ರಲ್ಲಿ ತಮಗೆ ಅನ್ವಯಿಸುವ ಕಾನೂನುಗಳ ಪಟ್ಟಿ ಇಡುವುದು ಕಡ್ಡಾಯ. ಹೀಗಾಗಿ ಮರೆತು ದಂಡ ಕಟ್ಟುವುದು ತಪ್ಪುತ್ತದೆ.

ಇನ್ನು ನೀವು ಕೇಳಿದ ತೋರಿಕೆಯ ವಿಷಯ. ಬಹಳ ಜನರಿಗೆ ಗೊತ್ತಿಲ್ಲದ ಸಂಗತಿ ಒಂದಿದೆ. ಹೊಗೆ ಇಷ್ಟೇ ಇರಬೇಕು, ನೀರಿನಲ್ಲಿ ಕೊಳೆ ಇಷ್ಟೇ ಇರಬೇಕು ಅಂತ ಐಎಸ್‌ಒ 14001 ಯಾವ ಮಿತಿಯನ್ನೂ ಹೇಳುವುದಿಲ್ಲ. ಕಾನೂನು ಪಾಲಿಸುತ್ತೇನೆ, ಸುಧಾರಿಸುತ್ತಾ ಹೋಗುತ್ತೇನೆ ಎಂಬ ಬದ್ಧತೆ ಮತ್ತು ಅದಕ್ಕೊಂದು ಪದ್ಧತಿ ಇದ್ದರೆ ಸಾಕು. ಒಂದೇ ಕೆಲಸ ಮಾಡುವ ಎರಡು ಫ್ಯಾಕ್ಟರಿಗಳಲ್ಲಿ ಒಂದು ಜಾಸ್ತಿ, ಇನ್ನೊಂದು ಕಡಿಮೆ ಮಾಲಿನ್ಯ ಮಾಡುತ್ತಿದ್ದರೂ ಎರಡಕ್ಕೂ ಸರ್ಟಿಫಿಕೇಟ್ ಸಿಗಬಹುದು. ಸರ್ಟಿಫಿಕೇಟ್ ಕೊಡುವುದು ಐಎಸ್‌ಒ ಕೂಡ ಅಲ್ಲ, ಬೇರೆ ಸಂಸ್ಥೆಗಳು, ಹೆಚ್ಚಾಗಿ ಖಾಸಗಿಯವು. ಅವರಿಗೆ ಫೀಸ್ ಕಟ್ಟುವುದು ಅದೇ ಫ್ಯಾಕ್ಟರಿ! ಮೂರು ವರ್ಷದ ಅವಧಿ, ನಡುವೆ ವರ್ಷಕ್ಕೊಂದು ಆಡಿಟ್. ಆಡಿಟ್ ಹತ್ತಿರ ಬಂದಾಗ ಕನ್ಸಲ್ಟೆಂಟ್ ಫೈಲು ತುಂಬಿಸಿ, ನೆಲಕ್ಕೆ ಹಳದಿ ಗೆರೆ ಎಳೆಸಿ ಮುಗಿಸುವ ಕಡೆಗಳೂ ಇವೆ.

ಹಾಗಾದರೆ ಇದೆಲ್ಲ ವ್ಯರ್ಥವಾ? ಇಲ್ಲ. ಇನ್ನೊಂದು ಯೋಜನೆಯ ಜೊತೆ ಹೋಲಿಸಿ ನೋಡಿ. ಭೋಪಾಲ್ ದುರಂತ ನಡೆದದ್ದು 1984ರಲ್ಲಿ. ಆಮೇಲೆ ರಾಸಾಯನಿಕ ಕಂಪನಿಗಳು 'ರೆಸ್ಪಾನ್ಸಿಬಲ್ ಕೇರ್' ಅಂತ ಸುರಕ್ಷತೆ ಮತ್ತು ಪರಿಸರಕ್ಕಾಗಿ ಒಂದು ಸ್ವಯಂಪ್ರೇರಿತ ಯೋಜನೆಯನ್ನು ದೊಡ್ಡದಾಗಿ ನಡೆಸಿದವು. ಅಮೆರಿಕದ ಸದಸ್ಯ ಕಂಪನಿಗಳನ್ನು 2000ದಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಇಬ್ಬರು ಸಂಶೋಧಕರು ಪರಿಶೀಲಿಸಿದಾಗ, ಪರಿಸರದ ವಿಷಯದಲ್ಲಿ ಸದಸ್ಯರಲ್ಲದವರಿಗಿಂತ ಅವು ಬೇಗ ಸುಧಾರಿಸಿರಲಿಲ್ಲ. ಆಗ ಅದರಲ್ಲಿ ಹೊರಗಿನವರ ಆಡಿಟ್ ಇರಲಿಲ್ಲ, ತಪ್ಪಿದವರಿಗೆ ಶಿಕ್ಷೆಯೂ ಇರಲಿಲ್ಲ. ಐಎಸ್‌ಒ 14001ರಲ್ಲಿ ಹೊರಗಿನ ಆಡಿಟ್ ಇದೆ. 2005ರಲ್ಲಿ ಅಮೆರಿಕದ ಫ್ಯಾಕ್ಟರಿಗಳ ಮೇಲೆ ಪ್ರಕಟವಾದ ಅಧ್ಯಯನದಲ್ಲಿ, ಇದನ್ನು ಮಾಡಿಸಿಕೊಂಡವು ಗಾಳಿಯ ಕಾನೂನನ್ನು ಉಳಿದವಕ್ಕಿಂತ ಚೆನ್ನಾಗಿ ಪಾಲಿಸುತ್ತಿದ್ದವು. ಆಡಿಟರ್ ಎಷ್ಟೇ ಮೆದುವಾಗಿದ್ದರೂ, ಹೊರಗಿನವನೊಬ್ಬ ಬಂದು ನೋಡುತ್ತಾನೆ ಅನ್ನುವುದಕ್ಕೆ ಬೆಲೆ ಇದೆ. ಅಮೆರಿಕದಲ್ಲಿ ಕಾನೂನಿನ ಹಿಡಿತ ಮೊದಲೇ ಬಿಗಿ ಅನ್ನುವುದನ್ನೂ ಮರೆಯಬಾರದು. ಬರೀ ಸರ್ಟಿಫಿಕೇಟಿನಿಂದಲೇ ಎಲ್ಲ ಆಯಿತು ಅಂತ ನಾನು ಹೇಳಲಾರೆ.

ಸಣ್ಣ ಘಟಕಗಳಿಗೆ ಇದರ ಖರ್ಚು ಭಾರವೇ. ಸಣ್ಣ ಉದ್ಯಮಗಳಿಗೆ ಪ್ರಮಾಣಪತ್ರ ಕೊಡುವ ಕೇಂದ್ರ ಸರ್ಕಾರದ 'ಝೆಡ್' (ಝೀರೋ ಡಿಫೆಕ್ಟ್ ಝೀರೋ ಎಫೆಕ್ಟ್) ಯೋಜನೆ ಹೆಚ್ಚುಕಮ್ಮಿ ಇದೇ ಆಶಯದ್ದು. ಅದರಲ್ಲಿ ಪ್ರಮಾಣಪತ್ರದ ಖರ್ಚಿಗೆ ಸಬ್ಸಿಡಿ ಇದೆ. ಆದರೆ ವಿದೇಶಿ ಗಿರಾಕಿ ಕೇಳುವುದು ಐಎಸ್‌ಒ ಹೆಸರನ್ನೇ.

ಅಂದರೆ ಆ ಬೋರ್ಡ್ ಬರೆದಿರುವುದು ಗಿರಾಕಿಗೆ. ಫ್ಯಾಕ್ಟರಿ ಪಕ್ಕದ ಊರಿನವರಿಗೆ ಬೇಕಾದ ಮಾಹಿತಿ ಬೇರೆ ಕಾಗದದಲ್ಲಿ ಇರುತ್ತದೆ. ಮಾಲಿನ್ಯ ನಿಯಂತ್ರಣ ಮಂಡಳಿ ಕೊಟ್ಟ ಪರವಾನಗಿಯಲ್ಲಿ ಹೊಗೆಗೆ, ನೀರಿಗೆ ಮಿತಿ ಎಷ್ಟು ಅಂತ ಬರೆದಿರುತ್ತದೆ. ಅಂಥ ಪರವಾನಗಿ ಬೇಕಾದ ಘಟಕಗಳು ಪ್ರತಿ ವರ್ಷ ಸೆಪ್ಟೆಂಬರ್ 30ರೊಳಗೆ ಫಾರ್ಮ್ 5ರಲ್ಲಿ ಪರಿಸರ ವಿವರಣೆ ಕೊಡಬೇಕು. ಎಷ್ಟು ನೀರು ಬಳಸಿದರು, ಏನು ಹೊರಬಿಟ್ಟರು, ಎಷ್ಟು ತ್ಯಾಜ್ಯ ಬಂತು ಅಂತ ಅದರಲ್ಲಿ ಹೇಳಬೇಕು. ಶಿವಮೊಗ್ಗದಲ್ಲೇ ಮಂಡಳಿಯ ಪ್ರಾದೇಶಿಕ ಕಚೇರಿ ಇದೆ. ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ ಈ ಎರಡನ್ನೂ ಕೇಳಬಹುದು. ಸರ್ಟಿಫಿಕೇಟ್ ನಿಜವಾ ಅಂತ ನೋಡಬೇಕಿದ್ದರೆ, ಅದರಲ್ಲಿ 'ವ್ಯಾಪ್ತಿ' (ಸ್ಕೋಪ್) ಅಂತ ಬರೆದಿರುವ ಸಾಲನ್ನು ಮೊದಲು ಓದಿ, ಯಾವ ಘಟಕದ ಯಾವ ಕೆಲಸಕ್ಕೆ ಅದು ಅನ್ವಯ ಅಂತ ತಿಳಿಯುತ್ತದೆ. ಕೆಲವೊಮ್ಮೆ ಕಂಪನಿಯ ಬೇರೆ ಊರಿನ ಘಟಕಕ್ಕೆ ಸಿಕ್ಕ ಸರ್ಟಿಫಿಕೇಟ್ ಇಲ್ಲಿನ ಗೇಟಿಗೂ ಬಂದಿರುತ್ತದೆ.