ಬಡ್ಡಿ ಇಲ್ಲದ ಬ್ಯಾಂಕು ನಮ್ಮಲ್ಲಿ ಯಾಕೆ ಇಲ್ಲ?

ರಾಯಚೂರು, ಸಿಂಧನೂರು ಕಡೆಯ ರೈತರಿಗೆ ‘ಸೊನ್ನೆ ಬಡ್ಡಿ ಸಾಲ’ ಹೊಸದೇನಲ್ಲ. ಸಹಕಾರ ಸಂಘದಲ್ಲಿ ಅದರ ಮಿತಿ ಈಗ 5 ಲಕ್ಷ ರೂಪಾಯಿ. ಆದರೆ ಅಲ್ಲಿ ಬಡ್ಡಿ ಮಾಯವಾಗಿಲ್ಲ, ರೈತನ ಬದಲು ಸರ್ಕಾರ ಕಟ್ಟುತ್ತದೆ ಅಷ್ಟೇ. ಇಸ್ಲಾಂ ಧರ್ಮದ ನಿಯಮದಂತೆ ನಡೆಯುವ ಇಸ್ಲಾಮಿಕ್ ಬ್ಯಾಂಕಿನ ಲೆಕ್ಕ ಬೇರೆ. ಅಲ್ಲಿ ಬಡ್ಡಿ ಯಾರೂ ಕೊಡಬಾರದು, ಯಾರೂ ತಗೋಬಾರದು.

ಹಾಗಾದರೆ ಬ್ಯಾಂಕ್ ಬದುಕುವುದು ಹೇಗೆ? ವ್ಯಾಪಾರದಿಂದ. ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವವರೊಬ್ಬರಿಗೆ ಮಷಿನ್ ಬೇಕು ಅನ್ನಿ. ಬ್ಯಾಂಕ್ ಕೈಗೆ ದುಡ್ಡು ಕೊಡುವುದಿಲ್ಲ. ತಾನೇ 30,000ಕ್ಕೆ ಮಷಿನ್ ಕೊಳ್ಳುತ್ತದೆ. ತನ್ನ ಲಾಭ ಎಷ್ಟೆಂದು ಮೊದಲೇ ಹೇಳಿ, 34,000ಕ್ಕೆ ಕಂತಿನ ಮೇಲೆ ಮಾರುತ್ತದೆ. ಇದು ಮುರಾಬಹಾ. ಇದೂ ಬಡ್ಡಿಯೇ ಅಲ್ವಾ, ಎಂದು ಕೇಳುವವರು ಮುಸ್ಲಿಮರಲ್ಲೂ ಇದ್ದಾರೆ. ಪ್ರಶ್ನೆ ಸುಳ್ಳಲ್ಲ. ಆದರೆ ಕಂತು ತಡವಾಯಿತೆಂದು ಇಲ್ಲಿ ಬೆಲೆ ಏರಿಸುವಂತಿಲ್ಲ. ಮೀಟರ್ ಬಡ್ಡಿ ಕಂಡವರಿಗೆ ಇದು ಸಣ್ಣ ಮಾತಲ್ಲ.

1963ರಲ್ಲಿ ಈಜಿಪ್ಟಿನ ಮಿತ್ ಗಮ್ರ್ ಎಂಬ ಊರಿನಲ್ಲಿ ಅಹ್ಮದ್ ಅಲ್ ನಜ್ಜಾರ್ ಇಂಥ ಉಳಿತಾಯ ಬ್ಯಾಂಕ್ ತೆರೆದರು. ಕೆಲವೇ ವರ್ಷ ನಡೆಯಿತು. 1975ರಲ್ಲಿ ದುಬೈ ಇಸ್ಲಾಮಿಕ್ ಬ್ಯಾಂಕ್ ಬಂತು. ಮಲೇಷ್ಯಾ 1983ರಲ್ಲಿ ಪ್ರತ್ಯೇಕ ಕಾನೂನು ಮಾಡಿ, ಎರಡೂ ಬಗೆಯ ಬ್ಯಾಂಕ್‌ಗಳನ್ನು ಅಕ್ಕಪಕ್ಕ ನಡೆಸಿತು. ಆ ಪದ್ಧತಿ ಬಾಳಿಕೆ ಬಂತು.

ಪಾಕಿಸ್ತಾನ ಇಡೀ ದೇಶವನ್ನೇ ಬದಲಿಸಲು ಹೊರಟಿತು. ಸೇನಾಡಳಿತಗಾರ ಜಿಯಾ ಉಲ್ ಹಕ್ ಕಾಲದಲ್ಲಿ, 1981ರಿಂದ ಲಾಭ–ನಷ್ಟ ಹಂಚಿಕೆಯ ಖಾತೆಗಳು ಶುರುವಾದವು, ಅಂದರೆ ಠೇವಣಿಗೆ ಬಡ್ಡಿಯ ಬದಲು ಬ್ಯಾಂಕಿನ ಲಾಭ–ನಷ್ಟದಲ್ಲಿ ಪಾಲು. ಹೆಸರು ಬದಲಾಯಿತು, ಒಳಗಿನ ಲೆಕ್ಕ ಜಾಸ್ತಿ ಬದಲಾಗಲಿಲ್ಲ. 1991ರಲ್ಲಿ, ಕಾನೂನುಗಳು ಇಸ್ಲಾಮಿಗೆ ಹೊಂದುತ್ತವೆಯೇ ಎಂದು ನೋಡುವ ಅಲ್ಲಿನ ಫೆಡರಲ್ ಶರಿಯತ್ ಕೋರ್ಟೇ ಬಡ್ಡಿಯ ಕಾನೂನುಗಳು ಸಲ್ಲವು ಎಂದಿತು. ಆಮೇಲೂ ಕೋರ್ಟುಗಳಲ್ಲಿ ಇದು ಹಿಂದೆ ಮುಂದೆ ಎಳೆದಾಡಿತು. ಈಗ ಬಡ್ಡಿ ತೆಗೆದುಹಾಕಲು ಸಂವಿಧಾನದಲ್ಲೇ 2028ರ ಜನವರಿ 1ರ ಗಡುವು ಇದೆ, ‘ಸಾಧ್ಯವಾದಷ್ಟು ಮಟ್ಟಿಗೆ’ ಎಂಬ ಮಾತಿನ ಜೊತೆಗೆ.

ಭಾರತದಲ್ಲಿ ಅಡ್ಡಿ ಧರ್ಮದ್ದಕ್ಕಿಂತ ಕಾನೂನಿನದು. 1949ರ ಬ್ಯಾಂಕಿಂಗ್ ನಿಯಂತ್ರಣ ಕಾಯ್ದೆಯ 8ನೇ ಕಲಮಿನ ಪ್ರಕಾರ ಬ್ಯಾಂಕ್ ಸರಕು ಕೊಂಡು ಮಾರುವಂತಿಲ್ಲ. ಬಳ್ಳಾರಿಯಲ್ಲೇ ಕೇಂದ್ರ ಕಚೇರಿ ಇರುವ ಗ್ರಾಮೀಣ ಬ್ಯಾಂಕ್ ಮನಸ್ಸು ಮಾಡಿದರೂ ಆ ಮಷಿನ್ ಮಾರಲಾಗದು. 2008ರಲ್ಲಿ ಹಣಕಾಸು ಸುಧಾರಣೆ ಕುರಿತ ಅರ್ಥಶಾಸ್ತ್ರಜ್ಞ ರಘುರಾಮ್ ರಾಜನ್ ಸಮಿತಿ ಬಡ್ಡಿರಹಿತ ಬ್ಯಾಂಕಿಂಗ್‌ಗೆ ದಾರಿ ಮಾಡಿ ಎಂದಿತು. 2015ರಲ್ಲಿ ರಿಸರ್ವ್ ಬ್ಯಾಂಕಿನದೇ ಸಮಿತಿ, ಇರುವ ಬ್ಯಾಂಕ್‌ಗಳಲ್ಲೇ ಇದಕ್ಕೊಂದು ಪ್ರತ್ಯೇಕ ವಿಭಾಗ ತೆರೆಯಬಹುದು ಎಂದಿತು. 2017ರಲ್ಲಿ ರಿಸರ್ವ್ ಬ್ಯಾಂಕ್ ವಿಷಯವನ್ನೇ ಕೈಬಿಟ್ಟಿತು. ಬ್ಯಾಂಕ್ ಸೇವೆ ಎಲ್ಲರಿಗೂ ಸಮಾನವಾಗಿ ಸಿಗುತ್ತಿದೆ ಎಂಬುದು ಅದು ಕೊಟ್ಟ ಕಾರಣ.

ಬಡ್ಡಿ ಬೇಡ ಎಂದವರ ದುಡ್ಡು ಮಾತ್ರ ಸುಮ್ನೆ ಕೂರಲಿಲ್ಲ. ಬೆಂಗಳೂರಿನ ಐಎಂಎ ಎಂಬ ಹೂಡಿಕೆ ಕಂಪನಿ ‘ಹಲಾಲ್’ (ಧರ್ಮಸಮ್ಮತ) ಹೆಸರಿನಲ್ಲಿ ಜನರನ್ನು ಪಾಲುದಾರರೆಂದು ಬರೆಸಿಕೊಂಡು ಹಣ ಎತ್ತಿತು. 2019ರ ಜೂನ್‌ನಲ್ಲಿ ಮಾಲೀಕ ದೇಶ ಬಿಟ್ಟ, ಮುಂದಿನ ತಿಂಗಳು ದೆಹಲಿಯಲ್ಲಿ ಸಿಕ್ಕಿಬಿದ್ದ. ಬ್ಯಾಂಕಿನ ಠೇವಣಿಗೆ ಆಗ 1 ಲಕ್ಷದವರೆಗಾದರೂ ವಿಮೆ ಇತ್ತು. ಇಲ್ಲಿ ಹಾಕಿದ ದುಡ್ಡಿಗೆ ಅದೂ ಇರಲಿಲ್ಲ.